ಒಲ್ಲೆ ಅನ್ನಲಿಕ್ಕೆ ಬರ್ತದೇನು?

2024ರ ಜುಲೈ ಕೊನೆಯ ವಾರ. ಖಡಕವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆ ಕಡೆಯ ಮನೆಗಳಿಗೆ ನೀರು ನುಗ್ಗಿತ್ತಲ್ಲ, ಅದೇ ವಾರ. ನಾವಿರುವುದು ಪುಣೆಯ ಇನ್ನೊಂದು ತುದಿ, ವಾಕಡ್. ನಮಗೆ ನೀರಿನ ತೊಂದರೆ ಏನೂ ಆಗಲಿಲ್ಲ, ಆದರೂ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದರು. ಸಂಜೆ ಆರಕ್ಕೆ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದೆ. ಆರೂ ಐದಕ್ಕೆ ನನ್ನ ಸ್ವಂತದ್ದು ತೆರೆದೆ. 41 ವರ್ಷದ ಗಂಡಸು ಮಳೆಗಾಲದ ಸಂಜೆ ಕೂತು ಬಾಲ್ಡರ್ಸ್ ಗೇಟ್ 3 ಅನ್ನೋ ಕಂಪ್ಯೂಟರ್ ಗೇಮ್ ಆಡುತ್ತಾನೆ ಅಂದರೆ ನಮ್ಮ ಸೊಸೈಟಿಯಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ಯಾರಿಗೂ ಹೇಳಿಲ್ಲ.

ಹೆಂಡತಿ ಪಕ್ಕದಲ್ಲೇ ಕೂತು ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮಾಡಲಿಕ್ಕೆ. ಅವಳು ಧಾರವಾಡದವಳು. ನಾನು ಮುಂಬೈನಲ್ಲಿ ಬೆಳೆದ ಕುಂದಾಪುರದವ. ಅವಳು ಗೇಮ್ ಆಡುವುದಿಲ್ಲ, ಆದರೆ ನಾನು ಆಡುವಾಗ ಸೀರಿಯಲ್ ನೋಡಿದ ಹಾಗೆ ನೋಡುತ್ತಾಳೆ.

ಆಟದ ಆ ಹೊತ್ತಿನ ಕಥೆ ಹೀಗಿತ್ತು. ಮೂನ್‌ರೈಸ್ ಟವರ್ಸ್ ಅನ್ನೋ ಕೋಟೆಯಲ್ಲಿ ಅರಾಜ್ ಅಂತ ಒಬ್ಬಳು ಔಷಧಿ ವ್ಯಾಪಾರಿ ಇದ್ದಾಳೆ. ರಕ್ತದ ಜೊತೆಗೇ ಅವಳ ವ್ಯಾಪಾರ. ನನ್ನ ತಂಡದಲ್ಲಿ ಅಸ್ಟೇರಿಯನ್ ಅಂತ ಒಬ್ಬ ರಕ್ತಪಿಶಾಚಿ. ಅವನನ್ನು ಕಂಡಿದ್ದೇ ಇವಳಿಗೆ ಆಸೆ ಹುಟ್ಟುತ್ತದೆ, ಅವನು ತನ್ನನ್ನು ಒಮ್ಮೆ ಕಚ್ಚಬೇಕಂತೆ. ಅವನಿಗೆ ಇಷ್ಟ ಇಲ್ಲ. ಅವಳ ರಕ್ತದಲ್ಲಿ ಏನೋ ಸರಿ ಇಲ್ಲ ಅಂತ ಮೂಗು ಮುರಿಯುತ್ತಾನೆ. ಆಗ ಅವಳು ತಿರುಗಿ ನನ್ನ ಜೊತೆ ಮಾತಾಡುತ್ತಾಳೆ, ಅವನ ಜೊತೆ ಅಲ್ಲ. ಇವನನ್ನು ಒಪ್ಪಿಸಿದರೆ ಒಂದು ಔಷಧಿ ಕೊಡುತ್ತೇನೆ, ಕುಡಿದರೆ ಬಲ 2 ಅಂಕ ಜಾಸ್ತಿಯಾಗುತ್ತದೆ, ಅದೂ ಶಾಶ್ವತವಾಗಿ. ಈ ಆಟ ಆಡಿದವರಿಗೆ ಗೊತ್ತು, ಶಾಶ್ವತವಾಗಿ 2 ಅಂಕ ಅಂದರೆ ಎಷ್ಟು ದೊಡ್ಡ ಮಾತು ಅಂತ. ನನ್ನದು ಕತ್ತಿ ಹಿಡಿದವನ ಪಾತ್ರ ಬೇರೆ. ಸೀದಾ 'ಒಪ್ಪಿಕೋ, ಒಂದು ಸಲ ತಾನೇ' ಅನ್ನೋ ಉತ್ತರದ ಸಾಲಿನ ಮೇಲೆ ಮೌಸಿನ ಬಾಣ ತಂದು ನಿಲ್ಲಿಸಿದೆ.

"ಅವಗ ಒಲ್ಲೆ ಅನ್ನಲಿಕ್ಕೆ ಬರ್ತದೇನು?" ಅಂದಳು ಹೆಂಡತಿ.

"ಗೇಮ್ ಮಾರಾಯ್ತಿ ಇದು."

"ಗೇಮ್ ಅಂತ ಗೊತ್ತದ ನನಗ. ಒಲ್ಲೆ ಅನ್ನಲಿಕ್ಕೆ ಬರ್ತದೋ ಇಲ್ಲೋ, ಅಷ್ಟ ಹೇಳ್ರಿ."

ಬಾಣ ಅಲ್ಲೇ ನಿಂತಿತು. ಆ ರಾತ್ರಿ ನಾವು ಮಾತಾಡಿದ್ದು ಆ ರಕ್ತಪಿಶಾಚಿಯ ಬಗ್ಗೆ ಮಾತ್ರ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಡದವರಿಗೆ ಎರಡು ಮಾತು. ಇಂಥ ಗೇಮಿಗೆ ಆರ್‌ಪಿಜಿ ಅನ್ನುತ್ತಾರೆ, ಅಂದರೆ ನೀವೊಂದು ಪಾತ್ರ ತೊಟ್ಟು ಆಡುವ ಕಥೆ. ದಾರಿಯಲ್ಲಿ ಸಂಗಾತಿಗಳು ಸಿಗುತ್ತಾರೆ, ಕಂಪ್ಯಾನಿಯನ್ ಅನ್ನುತ್ತಾರೆ. ಯಾರನ್ನು ಕರೆದುಕೊಂಡು ಹೋಗಬೇಕು, ಯಾರು ಕ್ಯಾಂಪಿನಲ್ಲಿ ಬೆಂಕಿ ಕಾಯಿಸುತ್ತಾ ಕೂರಬೇಕು, ಯಾರ ಮೈಮೇಲೆ ಯಾವ ಕವಚ, ಎಲ್ಲ ನೀವೇ ಹೇಳುವುದು. ನಿಮ್ಮನ್ನು ಲೀಡರ್ ಮಾಡಿದ್ದು ಯಾರು? ಯಾರೂ ಇಲ್ಲ. ಮೌಸ್ ನಿಮ್ಮ ಕೈಯಲ್ಲಿದೆ, ಅಷ್ಟೇ. ಮತ್ತೆ ಇದೇ ಸಂಗಾತಿಗಳಲ್ಲಿ ಒಬ್ಬರ ಜೊತೆ ನಿಮಗೆ ಪ್ರೀತಿ ಕೂಡ ಆಗಬಹುದು. ಆಗಬಹುದು ಏನು, ಆಗಲಿ ಅಂತಲೇ ಜನ ಆಡುತ್ತಾರೆ.

ನಾನು ಈ ಪ್ರೀತಿಗಳನ್ನು 20 ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ಒಮ್ಮೆಯೂ ಅವಳು ಕೇಳಿದ ಪ್ರಶ್ನೆ ನನಗೆ ಬಂದಿರಲಿಲ್ಲ ನೋಡಿ.

ಬರಬೇಕಿತ್ತು. ಯಾಕೆಂದರೆ ನನ್ನಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಹೋಟೆಲು ಅವರದಲ್ಲ, ಧಣಿ ಬೇರೆ. ಆದರೆ ಧಣಿ ಇಲ್ಲದಾಗ ಮಾಣಿಗಳಿಗೆ ಅಪ್ಪನೇ ಧಣಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಮೂಲೆಯ ಟೇಬಲಿನಲ್ಲಿ ಹೋಂವರ್ಕ್ ಮಾಡುತ್ತಿದ್ದೆ. ಧಣಿಗಳು ಸಂಜೆ ಹೊತ್ತು ಬಂದು ಒಂದು ಜೋಕ್ ಹೇಳುವರು. ಅದೇ ಜೋಕ್, ವಾರಕ್ಕೆ ಮೂರು ಸಲ. ಬಟಾಟೆ ವಡೆ ಕರಿಯುವವ, ಟೇಬಲ್ ಒರೆಸುವ ಹುಡುಗ, ಒಳಗೆ ಪಾತ್ರೆ ತೊಳೆಯುವವರು, ಎಲ್ಲರೂ ಬಿದ್ದು ಬಿದ್ದು ನಗುವರು. ನನಗೆ ಆಶ್ಚರ್ಯ. ಒಂದು ದಿನ ಅಪ್ಪನನ್ನು ಕೇಳಿದೆ, ಅದರಲ್ಲಿ ನಗುವಂಥದ್ದು ಏನಿದೆ ಅಂತ. ಅಪ್ಪ ಚಿಲ್ಲರೆ ಎಣಿಸುತ್ತಾ ಅಂದರು: "ಗಲ್ಲಾದಲ್ಲಿ ಕೂತವ ಜೋಕ್ ಹೇಳಿದ್ರೆ ಎಲ್ಲರೂ ನಗಾಡ್ತಾರೆ ಮಗ. ಜೋಕ್ ಹೇಗಿತ್ತೂಂತ ಗೊತ್ತಾಗ್ಬೇಕಾದ್ರೆ ಅಲ್ಲಿಂದ ಇಳಿದು ಹೇಳ್ಬೇಕು."

ಟೇಬಲ್ ಒರೆಸುವ ಆ ಹುಡುಗ ನನಗಿಂತ ಎರಡು ವರ್ಷ ದೊಡ್ಡವ. ರಾತ್ರಿ ಶಾಲೆಗೆ ಹೋಗುತ್ತಿದ್ದ. ಹೋಟೆಲಿನ ಮಾಳಿಗೆಯಲ್ಲೇ ಮಲಗುವುದು, ಅಲ್ಲೇ ಊಟ, ಊರಿಗೆ ಹೋಗಬೇಕಾದರೂ ಧಣಿ ರಜೆ ಕೊಡಬೇಕು, ಬಸ್ಸಿನ ದುಡ್ಡೂ ಅವರದೇ ಮುಂಗಡ. "ಏನೋ, ಇಲ್ಲಿ ಖುಷಿಯಾಗಿದ್ದೀಯಾ?" ಅಂತ ಧಣಿ ಕೇಳಿದರೆ ಅವನು ಏನು ಹೇಳಬೇಕು? "ಖುಷಿ ಉಂಟು ಧಣಿ." ನಿಜವಾಗಿಯೂ ಖುಷಿ ಇದ್ದಿರಬಹುದು. ಧಣಿ ಕೆಟ್ಟವರೇನಲ್ಲ, ಅವನ ಶಾಲೆಯ ಪುಸ್ತಕ ತಂದುಕೊಟ್ಟವರು ಅವರೇ. ಆದರೆ ಆ ಉತ್ತರದಿಂದ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಧಣಿಗೂ ಗೊತ್ತಾಗುತ್ತಿರಲಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಿದವ ನಾನು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಡ್ರ್ಯಾಗನ್ ಏಜ್: ಒರಿಜಿನ್ಸ್ ಆಡುವಾಗ ಒಂದಿಷ್ಟೂ ನೆನಪಾಗಲಿಲ್ಲ. 2009ರ ಆಟ ಅದು, ಕೆನಡಾದ ಬಯೋವೇರ್ ಮಾಡಿದ್ದು. ಅದರಲ್ಲಿ ಪ್ರತಿ ಸಂಗಾತಿಗೂ ನಿಮ್ಮ ಮೇಲಿನ ಮೆಚ್ಚುಗೆ ಅಳೆಯುವ ಒಂದು ಪಟ್ಟಿ ಇರುತ್ತದೆ, ಮೈನಸ್ 100ರಿಂದ ಪ್ಲಸ್ 100ರವರೆಗೆ. ನಿಮ್ಮ ಮಾತು ಅವರಿಗೆ ಹಿಡಿಸಿದರೆ ಮೇಲೆ, ಹಿಡಿಸದಿದ್ದರೆ ಕೆಳಗೆ. ಮಾತು ತಪ್ಪಿದರೂ ಚಿಂತೆ ಇಲ್ಲ, ಉಡುಗೊರೆ ಕೊಟ್ಟರಾಯಿತು. ಮಾರಿಗನ್‌ಗೆ ಒಡವೆ, ಲೆಲಿಯಾನಾಗೆ ಚಪ್ಪಲಿ, ಓಗ್ರನ್‌ಗೆ ಹೆಂಡ. ಕೊಡ್ತಾ ಹೋಗಿ, ಪಟ್ಟಿ ಏರ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ಪ್ರೀತಿ. ಇನ್ನೊಂದು ವಿಷಯ ಕೇಳಿ: ಪಟ್ಟಿ ಏರಿದ ಹಾಗೆ ಆ ಸಂಗಾತಿಯ ಯುದ್ಧದ ಅಂಕಗಳೂ ಏರುತ್ತವೆ. ಪ್ರೀತಿಸಿದ್ದಕ್ಕೆ ಲೀಡರಿಗೆ ಸಿಗುವ ಬೋನಸ್! ಆ ತಂಡದಲ್ಲಿ ಒಂದು ನಾಯಿಯೂ ಇದೆ. ಅದರ ಪಟ್ಟಿ ಮಾತ್ರ ಮೊದಲ ದಿನದಿಂದಲೇ 100. ನೀವು ಏನು ಬೇಕಾದರೂ ಮಾಡಿ, ನಾಯಿ ಬಾಲ ಅಲ್ಲಾಡಿಸುತ್ತದೆ. ಉಳಿದವರನ್ನೂ ನಾಯಿಯ ಮಟ್ಟಕ್ಕೆ ತರುವುದೇ ಆಗ ನನ್ನ ಗುರಿಯಾಗಿತ್ತು ಅಂತ ಈಗ ಅನಿಸಿದರೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ.

ಅದೇ ಆಟದಲ್ಲಿ ಜೆವ್ರಾನ್ ಅಂತ ಒಬ್ಬ ಬರುತ್ತಾನೆ. ನಿಮ್ಮನ್ನು ಕೊಲ್ಲಲು ಸುಪಾರಿ ತೆಗೆದುಕೊಂಡು ಬಂದವ. ಸೋತು ನೆಲಕ್ಕೆ ಬಿದ್ದು, ನನ್ನನ್ನು ಕೊಲ್ಲಬೇಡ, ನಿನ್ನ ಸೇವೆಗೆ ಇರುತ್ತೇನೆ ಅನ್ನುತ್ತಾನೆ. ಉಳಿಸಿಕೊಂಡರೆ ಅವತ್ತಿನಿಂದಲೇ ಚೆಲ್ಲಾಟದ ಮಾತು. ಎಷ್ಟು ರಸಿಕ ಅಂತ ನಾವೆಲ್ಲ ಮೆಚ್ಚಿಕೊಂಡಿದ್ದೆವು. ಮಗುವಾಗಿದ್ದಾಗಲೇ ಕೊಲೆಗಾರರ ಕೂಟವೊಂದು ದುಡ್ಡು ಕೊಟ್ಟು ಕೊಂಡುಕೊಂಡ ಜೀವ ಅದು. ಈಗ ಹೊಸ ಧಣಿಯ ಕತ್ತಿ ಕುತ್ತಿಗೆ ಮೇಲಿದೆ. ಅವನು ನಗದೆ ಇನ್ನೇನು ಮಾಡಬೇಕು?

ನ್ಯಾಯವಾಗಿ ಹೇಳಬೇಕೆಂದರೆ ಈ ವಿಷಯ ಗೇಮ್ ಬರೆಯುವವರಿಗೆ ಗೊತ್ತಿಲ್ಲ ಅಂತಲ್ಲ. 1999ರಲ್ಲೇ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಬಂದಿತ್ತು. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ ಅದರ ಸಿಡಿ ತಂದು ಗೆಳೆಯನ ಮನೆಯಲ್ಲಿ ಆಡಿದ್ದೆ, ಅರ್ಧ ಇಂಗ್ಲಿಷ್ ಅರ್ಥವಾಗದೆ. ಸಾವೇ ಬರದ ಒಬ್ಬ ಮನುಷ್ಯ, ಪ್ರತಿ ಸಲ ಸತ್ತು ಎದ್ದಾಗ ಎಲ್ಲ ಮರೆತಿರುತ್ತಾನೆ. ಶವಾಗಾರದಲ್ಲಿ ಡಿಯೊನಾರಾ ಅನ್ನೋ ಹುಡುಗಿಯ ಆತ್ಮ ಅವನಿಗೆ ಸಿಗುತ್ತದೆ, ಇನ್ನೂ ಪ್ರೀತಿಸುತ್ತಿದ್ದೇನೆ ಅನ್ನುತ್ತದೆ. ಕಥೆ ಮುಂದೆ ಹೋದ ಮೇಲೆ ಗೊತ್ತಾಗುತ್ತದೆ, ಹಿಂದಿನ ಒಂದು ಜನ್ಮದಲ್ಲಿ ಅವನೇ ಅವಳನ್ನು ಪ್ರೀತಿಯ ನಾಟಕ ಮಾಡಿ ಕರೆದೊಯ್ದು ಸಾಯಲು ಬಿಟ್ಟಿದ್ದ, ಆತ್ಮವಾದರೆ ತನ್ನ ಕೆಲಸಕ್ಕೆ ಬರುತ್ತಾಳೆ ಅಂತ. ಒಂದು ಕಲ್ಲು ಮುಟ್ಟಿದರೆ ಅವರಿಬ್ಬರ ಆ ದಿನದ ಮಾತುಕತೆ ಎರಡೂ ಕಡೆಯಿಂದ ನಮ್ಮ ಮನಸ್ಸಿನೊಳಗೆ ಬರುತ್ತದೆ. ಅವಳ ಕಡೆಯಿಂದ ಸಂಕಟ. ಅವನ ಕಡೆಯಿಂದ ಬರೀ ಲೆಕ್ಕಾಚಾರ.

ಅದರಲ್ಲೇ ಡಕ್ಕಾನ್ ಅಂತ ಮುದುಕ ಯೋಧ. ಹಿಂದೊಮ್ಮೆ ಈ ಸಾವಿಲ್ಲದವ ಅವನ ಜೀವ ಉಳಿಸಿದ್ದ. ನೀನು ಸಾಯುವವರೆಗೆ ನಿನ್ನ ಸೇವೆ ಮಾಡುತ್ತೇನೆ ಅಂತ ಮುದುಕ ಮಾತು ಕೊಟ್ಟ. ಎದುರಿಗಿರುವವನಿಗೆ ಸಾವೇ ಇಲ್ಲ ಅಂತ ಆಮೇಲೆ ತಿಳಿಯಿತು. ಬಸ್ಸಿನ ದುಡ್ಡು ಮುಂಗಡ ತೆಗೆದುಕೊಂಡು ಬಂದ ನಮ್ಮ ಮಾಣಿಯ ಸಾಲವಾದರೂ ಒಂದು ದಿನ ತೀರುವಂಥದ್ದು.

ಆದರೆ ಆ ಆಟ ಹೆಚ್ಚು ಜನ ಆಡಲಿಲ್ಲ. ಎಲ್ಲರೂ ಆಡಿದ್ದು ಮಾಸ್ ಎಫೆಕ್ಟ್. ಅಲ್ಲಿ ನೀವು ಕಮಾಂಡರ್ ಶೆಪರ್ಡ್, ನಿಮ್ಮ ಕೈಕೆಳಗೆ ಆಶ್ಲಿ, ಕೈಡನ್ ಅನ್ನೋ ಸೈನಿಕರು. ಮೇಲಧಿಕಾರಿಗೂ ಕೈಕೆಳಗಿನವರಿಗೂ ಪ್ರೀತಿ ಮಾಡಬಾರದು ಅನ್ನೋ ಸೇನೆಯ ನಿಯಮದ ಮಾತು ಹೀಗೆ ಬಂದು ಹಾಗೆ ಹೋಗುತ್ತದೆ. ಆಮೇಲೆ ವರ್‌ಮೈರ್ ಗ್ರಹ. ಇಬ್ಬರೂ ಬೇರೆ ಬೇರೆ ಕಡೆ ಸಿಕ್ಕಿಬಿದ್ದಿದ್ದಾರೆ, ಬಾಂಬ್ ಸಿಡಿಯುವುದರೊಳಗೆ ಒಬ್ಬರನ್ನು ಮಾತ್ರ ಉಳಿಸಬಹುದು. ನಾನು ಆಶ್ಲಿಯನ್ನು ಪ್ರೀತಿಸುತ್ತಿದ್ದೆ, ಆಶ್ಲಿಯನ್ನು ಉಳಿಸಿದೆ. ಎರಡು ಸೆಕೆಂಡೂ ಯೋಚಿಸಲಿಲ್ಲ. ಕೈಡನ್ ಸತ್ತ. ಅವನು ಮಾಡಿದ ತಪ್ಪು ಅಂದರೆ ಲೀಡರಿನ ಮನಸ್ಸಿಗೆ ಬೀಳದೇ ಇದ್ದದ್ದು. ನಾಯಕ ಯಾರನ್ನೋ ಪ್ರೀತಿಸಿದಾಗ ಅದರ ಬೆಲೆ ಕೊಡುವವನು ಮೂರನೆಯವನು, ಈ ಮಾತನ್ನು ಆ ಆಟ ಇಷ್ಟು ಚೆನ್ನಾಗಿ ಹೇಳಿದೆ, ನಾನು ಮಾತ್ರ ಅದನ್ನು ಬರೀ ಟ್ರ್ಯಾಜಿಡಿ ಅಂತ ನೋಡಿ ಕಣ್ಣೊರೆಸಿಕೊಂಡು ಮಲಗಿದ್ದೆ.

ಈಗ ನನ್ನ ಕಥೆ.

2010ರಲ್ಲಿ ಹಿಂಜವಡಿಯ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಿನ ಲೀಡ್. ಏಳು ಜನ. ಅದರಲ್ಲಿ ಒಬ್ಬಳು ಈಗ ನನ್ನ ಹೆಂಡತಿ. ಮರಾಠಿ, ಹಿಂದಿ ಮಾತಿನ ನಡುವೆ ಒಂದು ದಿನ ಅವಳು ಫೋನಿನಲ್ಲಿ "ಅವ್ವಾ, ಉಂಡೀ ಏನ?" ಅಂದಿದ್ದು ಕೇಳಿಸಿತು. ಅಷ್ಟೇ ಸಾಕಾಯಿತು. ಅವತ್ತಿನಿಂದ ಕ್ಯಾಂಟೀನಿನಲ್ಲಿ ಕನ್ನಡ ಶುರು. ನಾನು ಜೋಕ್ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. 2011ರ ಜನವರಿಯಲ್ಲಿ, ಶನಿವಾರ ಎಫ್‌ಸಿ ರೋಡಿಗೆ ಕಾಫಿಗೆ ಬರ್ತೀಯಾ ಅಂತ ಕೇಳಿದೆ. "ನೋಡೋಣು ಸರ್" ಅಂದಳು. ಆಮೇಲೆ ಆ ಮಾತು ಎತ್ತಲೇ ಇಲ್ಲ. ನಾನೂ ಮತ್ತೆ ಕೇಳಲಿಲ್ಲ, ಅದೊಂದು ಮರ್ಯಾದೆ ನನ್ನಲ್ಲಿತ್ತು. ಆದರೆ ಜೋಕ್ ನಿಲ್ಲಿಸಲಿಲ್ಲ. ಏಪ್ರಿಲಿನಲ್ಲಿ ಅಪ್ರೈಸಲ್ ಆಯಿತು, ಅಂದರೆ ಟೀಮಿನವರ ಕೆಲಸ ನೋಡಿ ನಾನು ರೇಟಿಂಗ್ ಕೊಡುವುದು. ಅವಳಿಗೆ ಒಳ್ಳೆ ರೇಟಿಂಗ್ ಬಂತು. ಮೇನಲ್ಲಿ ಅವಳು ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋದಳು. ನನಗೆ ಬೇಜಾರಾಯಿತು, ಇರಲಿ, ಅಲ್ಲಿ ಆಟೊಮೇಷನ್ ಕೆಲಸ ಇದೆ, ಕಲಿಯುತ್ತಾಳೆ ಅಂದುಕೊಂಡೆ. ಜೂನಿನಲ್ಲಿ ಒಂದು ಮೆಸೇಜ್ ಬಂತು. "ಈಗ ಕಾಫಿಗೆ ಹೋಗೂಣೇನು?" ಅದರಲ್ಲಿ ಸರ್ ಇರಲಿಲ್ಲ. ಮುಂದಿನ ವರ್ಷ ಮದುವೆ ಆಯಿತು.

ಈ ಕಥೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಆರು ತಿಂಗಳು ಸತಾಯಿಸಿದಳು ಅಂತ ಸೇರಿಸಿ.

ಆ ಜುಲೈ ರಾತ್ರಿ ಶೇಂಗಾದ ತಟ್ಟೆ ಕೆಳಗಿಟ್ಟು ಅವಳು ಅಂದಳು: "ಸತಾಯಿಸ್ಲಿಲ್ರಿ ನಾ. ಏಪ್ರಿಲ್ ದಾಟಲಿ ಅಂತ ಕಾದೆ."

ನಾನು ಏನೂ ಅನ್ನಲಿಲ್ಲ. ಅವಳೇ ಮುಂದುವರಿಸಿದಳು. ಒಲ್ಲೆ ಅಂದರೆ ರೇಟಿಂಗ್ ಏನಾಗತದ ಅಂತ ಗೊತ್ತಿರಲಿಲ್ಲ. ಹೂಂ ಅಂದರೂ ಗೊತ್ತಿರಲಿಲ್ಲ, ಒಳ್ಳೆ ರೇಟಿಂಗ್ ಬಂದರೆ ಅದು ಕೆಲಸಕ್ಕೆ ಬಂತೋ ಕಾಫಿಗೆ ಬಂತೋ ಅಂತ ಜನ ಆಡಿಕೊಳ್ಳುತ್ತಾರೆ, ತನಗೂ ಅನುಮಾನ ಉಳಿದುಬಿಡುತ್ತದೆ. ಮನೆಗೆ ದುಡ್ಡು ಕಳಿಸಬೇಕಿತ್ತು. ತಂಗಿಯ ಕಾಲೇಜು ಫೀಸು ಇತ್ತು. "ನೀವು ಹಂಗ ಮಾಡೋ ಮನಷ್ಯಾ ಅಲ್ಲ ಅಂತ ಈಗ ಗೊತ್ತದ. ಆವಾಗ ಹೆಂಗ ಗೊತ್ತಾಗಬೇಕು?"

"ಹಾಗಾದರೆ ನನ್ನ ಜೋಕಿಗೆ ನಗ್ತಿದ್ದದ್ದು?"

"ಎರಡಕ್ಕ ಖರೇನ ನಗು ಬಂದಿತ್ತು."

ಎಂಟು ತಿಂಗಳಲ್ಲಿ ಎರಡು. ಅಪ್ಪನ ಮಾತು ಕಿವಿಯಲ್ಲಿ ಕೇಳಿಸಿತು. ಅಪ್ಪ ಹೋಗಿ ಆರು ವರ್ಷ ಆಯಿತು. ಇದ್ದಿದ್ದರೆ ನಗಾಡುತ್ತಿದ್ದರೇನೋ.

ನಾನು ಬೇಕಂತ ಏನೂ ಮಾಡಿರಲಿಲ್ಲ. ಇದನ್ನು ಅವತ್ತು ಅವಳಿಗೆ ನಾಲ್ಕು ಸಲ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ ಅಂದರೆ ಚುಚ್ಚಿದ್ದು ಎಲ್ಲಿ ಅಂತ ಗೊತ್ತಾಯಿತಲ್ಲ. ನಾನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಅವಳ ಲೆಕ್ಕದಲ್ಲಿ ಮುಖ್ಯವೇ ಆಗಿರಲಿಲ್ಲ. ನಾನು ಕೂತಿದ್ದ ಕುರ್ಚಿ ಮುಖ್ಯವಾಗಿತ್ತು. ಮತ್ತೆ ಟೀಮಿನಲ್ಲಿ ಇನ್ನೂ ಐದು ಜನ ಇದ್ದರು. ಅವಳಿಗೆ ಆ ರೇಟಿಂಗ್ ಕೊಟ್ಟಾಗ ನನ್ನ ಕೈ ಸರಿಯಾಗಿಯೇ ಇತ್ತಾ? ಇತ್ತು ಅಂತ ನಂಬಿದ್ದೇನೆ. ಅವತ್ತು ಕಡಿಮೆ ರೇಟಿಂಗ್ ಸಿಕ್ಕ ಹುಡುಗನೊಬ್ಬ ಇದ್ದ, ಅವನೂ ಹಾಗೇ ನಂಬಿದ್ದಾನಾ ಅಂತ ಕೇಳುವ ಧೈರ್ಯ ನನಗಿಲ್ಲ. ವರ್‌ಮೈರ್‌ನಲ್ಲಿ ಕೈಡನ್ ಸತ್ತೇ ಹೋದ. ನಮ್ಮವನು ಲಿಂಕ್ಡ್‌ಇನ್‌ನಲ್ಲಿ ಪ್ರತಿ ದೀಪಾವಳಿಗೆ ಶುಭಾಶಯ ಕಳಿಸುತ್ತಾನೆ.

ಈಗ ಕಾನೂನು ಇದೆ. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರಲ್ಲೇ ಬಂದಿತ್ತು, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರಲ್ಲಿ. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ ಒಂದು ಸಮಿತಿ ಇರಲೇಬೇಕು. ಪ್ರತಿ ವರ್ಷ ನಾವೊಂದು ಆನ್‌ಲೈನ್ ತರಬೇತಿ ಮುಗಿಸಬೇಕು, ಕೊನೆಯಲ್ಲಿ ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಆಯ್ಕೆ. ಥೇಟ್ ಗೇಮಿನ ಡೈಲಾಗ್. ತಪ್ಪು ಒತ್ತಿದರೆ 'ಮತ್ತೆ ಪ್ರಯತ್ನಿಸಿ' ಅನ್ನುತ್ತದೆ. ಒಮ್ಮೆ ಕಾಫಿಗೆ ಕರೆದು ಸುಮ್ಮನಾದವನ ಬಗ್ಗೆ ಅದರಲ್ಲಿ ಪ್ರಶ್ನೆ ಇಲ್ಲ. ಇರಬೇಕು ಅಂತಲೂ ಅಲ್ಲ. ಕಾಯ್ದೆ ಹಿಡಿಯುವುದು ಧಣಿ ಮಾಡಿದ್ದನ್ನು. ಮಾಣಿ ಮನಸ್ಸಿನಲ್ಲೇ ಮಾಡಿಕೊಳ್ಳುವ ಲೆಕ್ಕ ಯಾವ ಕಾಯ್ದೆಯ ಕೈಗೂ ಸಿಗುವುದಿಲ್ಲ.

'ಮತ್ತೆ ಪ್ರಯತ್ನಿಸಿ' ಅಂದೆನಲ್ಲ. ಗೇಮಿನಲ್ಲಿ ಲೀಡರಿಗೆ ಇರುವ ನಿಜವಾದ ಅಧಿಕಾರ ಅದೇ ಅಂತ ನನಗೀಗ ಅನಿಸುತ್ತದೆ. ಕಮಾಂಡರ್ ಪಟ್ಟ, ಸಿಂಹಾಸನ ಎಲ್ಲ ತೋರಿಕೆಗೆ. ಬಾಲ್ಡರ್ಸ್ ಗೇಟ್‌ನಲ್ಲಿ ಎಫ್5 ಒತ್ತಿದರೆ ಆಟ ಆ ಹೊತ್ತಿಗೆ ಇದ್ದ ಹಾಗೇ ಸೇವ್, ಎಫ್8 ಒತ್ತಿದರೆ ಹಿಂದಿನ ಸೇವ್‌ಗೆ ವಾಪಸ್. ಒಲಿಸುವ ಮಾತಿಗೆ 20 ಮುಖದ ದಾಳ ಉರುಳುತ್ತದೆ. ಸೋತರೆ ಎಫ್8. ಮತ್ತೆ ಉರುಳಿಸು. ಎದುರಿಗಿರುವ ಸಂಗಾತಿ ಆರು ಸಲ ಬೇಡ ಅಂದಿರುತ್ತಾನೆ, ಏಳನೇ ಸಲ ಹೂಂ ಅನ್ನುತ್ತಾನೆ. ಅವನ ತಲೆಯಲ್ಲಿ ಆ ಆರು ಇಲ್ಲವೇ ಇಲ್ಲ. ನನ್ನ ತಲೆಯಲ್ಲಿ ಮಾತ್ರ ಇವೆ, ನಾನು ಅದನ್ನು ಆರು ಸೋಲು ಅಂತ ಎಣಿಸುತ್ತೇನೆ. ಅವನು ಆರು ಸಲ ಬೇಡ ಅಂದ ಅಂತ ಎಣಿಸುವುದಿಲ್ಲ.

ಧಾರವಾಡದ ಕಡೆ ಬೇಡ ಅನ್ನಲಿಕ್ಕೆ 'ಒಲ್ಲೆ' ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಅಷ್ಟಾಗಿ ಇಲ್ಲ. ಮದುವೆಯಾದ ಹೊಸದರಲ್ಲಿ ಇನ್ನೊಂದು ಚಪಾತಿ ಬಡಿಸಲು ಹೋದಾಗ ಅವಳು "ಒಲ್ಲೆ" ಅಂದರೆ ನನಗೆ ಹಳೆಗನ್ನಡ ಕೇಳಿದ ಹಾಗಾಗುತ್ತಿತ್ತು. ಆ ರಾತ್ರಿ ಹೊಳೆಯಿತು, ಒಲವು, ಒಲಿ, ಒಲ್ಲೆ ಎಲ್ಲ ಒಂದೇ ಬೇರಿನವು. ಒಲಿಯಲು ಬರುವವರಿಗೆ ಮಾತ್ರ ಒಲ್ಲೆ ಅನ್ನಲಿಕ್ಕೂ ಬರುತ್ತದೆ. ಅವಳಿಗೆ ಹೇಳಿದೆ. "ಹೌದಲ್ಲ, ಈಗ ಗೊತ್ತಾತೇನು?" ಅಂದು ಶೇಂಗಾ ಮಿಕ್ಸಿಗೆ ಹಾಕಲು ಎದ್ದಳು.

ಒಲ್ಲೆ ಅಂದ ಸಂಗಾತಿಗಳು ಗೇಮುಗಳಲ್ಲಿ ಇದ್ದಾರೆ. ನೆನಪು ಮಾಡಿಕೊಳ್ಳುತ್ತಾ ಹೋದೆ. ಅವರ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು ಅನ್ನುವುದೂ ನೆನಪಾಯಿತು. ಮಾಸ್ ಎಫೆಕ್ಟ್ 2ರಲ್ಲಿ ಹೊರೈಜನ್ ಅನ್ನೋ ಕಡೆ ಅದೇ ಆಶ್ಲಿ ಮತ್ತೆ ಸಿಗುತ್ತಾಳೆ. ನಾನು ಜೀವ ಉಳಿಸಿದವಳು. ಶೆಪರ್ಡ್ ಈಗ ಸೆರ್ಬರಸ್ ಅನ್ನೋ ಕೆಟ್ಟ ಸಂಸ್ಥೆಯ ಜೊತೆ ಇದ್ದಾನೆ ಅಂತ ತಿಳಿದು, ನಿನ್ನ ಜೊತೆ ಬರುವುದಿಲ್ಲ ಅಂತ ಹೊರಟೇ ಹೋಗುತ್ತಾಳೆ. ಎಷ್ಟು ಉರಿದಿತ್ತು ನನಗೆ! ನಾನು ಅಷ್ಟು ಮಾಡಿದ್ದಕ್ಕೆ ಇದಾ ಅಂತ. ಈಗ ನೋಡಿದರೆ ಅವಳು ಆ ಹೊತ್ತಿಗೆ ನನ್ನ ಕೈಕೆಳಗೆ ಇರಲಿಲ್ಲ, ಅದಕ್ಕೇ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. ಅವಳ ಏಪ್ರಿಲ್ ದಾಟಿತ್ತು. ಅದೇ ಆಟದಲ್ಲಿ ಸಮಾರಾ ಅನ್ನುವವಳ ಹಿಂದೆ ಎಷ್ಟು ಬಿದ್ದರೂ ಮೆಲ್ಲಗೆ ಆಗುವುದಿಲ್ಲ ಅನ್ನುತ್ತಾಳೆ, ಯಾವ ಸಾಲು ಒತ್ತಿದರೂ ಅಷ್ಟೇ. ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್‌ನಲ್ಲಿ ನೀವು ಸಿಂಹಾಸನದ ಮೇಲೆ ಕೂತು ತೀರ್ಪು ಕೊಡುವಷ್ಟು ದೊಡ್ಡವರು, ಆದರೂ ಸೋಲಸ್ ತಾನಾಗಿಯೇ ಸಂಬಂಧ ಕಡಿದುಕೊಂಡು ಹೋಗುತ್ತಾನೆ. ಆಮೇಲೆ ನೋಡಿದರೆ ಅವನೊಬ್ಬ ಹಳೇ ಕಾಲದ ದೇವರು, ಇಷ್ಟು ದಿನ ಕೈಕೆಳಗಿನವನ ವೇಷ ಹಾಕಿದ್ದ. ನಾವು ಆಳುತ್ತಿದ್ದೇವೆ ಅಂದುಕೊಂಡದ್ದೇ ತಮಾಷೆ.

ಇನ್ನೊಂದು ಕಡೆ, ಬಾಲ್ಡರ್ಸ್ ಗೇಟ್ 3 ಬಿಡುಗಡೆಯಾದ 2023ರ ಆಗಸ್ಟಿನಲ್ಲಿ ಸಂಗಾತಿಗಳು ನಾಲ್ಕು ಒಳ್ಳೆ ಮಾತಿಗೇ ಮೈಮೇಲೆ ಬೀಳುತ್ತಾರೆ ಅಂತ ಜನ ನಕ್ಕಿದ್ದರು. ಗೇಲ್ ಅನ್ನೋ ಮಂತ್ರವಾದಿಯಂತೂ ಸುಮ್ನೆ ಹೇಗಿದ್ದೀಯಾ ಅಂದರೂ ಪ್ರೀತಿ ಅಂದುಕೊಳ್ಳುತ್ತಿದ್ದ. ಅದೊಂದು ಬಗ್, ಅಂದರೆ ಪ್ರೋಗ್ರಾಮಿನ ದೋಷ, ಅಂತ ಗೇಮ್ ಮಾಡಿದವರೇ ಒಪ್ಪಿಕೊಂಡರು. ಟೆಸ್ಟಿಂಗ್ ಮಾಡುವವನಾಗಿ ಆ ಬಗ್ ರಿಪೋರ್ಟ್ ಓದುವ ಆಸೆ ನನಗೆ ಈಗಲೂ ಇದೆ. 'ಆಗಬೇಕಾದ್ದು: ಸ್ನೇಹ. ಆಗಿದ್ದು: ಪ್ರೇಮ.'

ಅಸ್ಟೇರಿಯನ್ ಹತ್ತಿರ ಬರೋಣ. ಅವನು 200 ವರ್ಷ ಕ್ಯಾಜಡೋರ್ ಅನ್ನೋ ಧಣಿಯ ಗುಲಾಮ. ಧಣಿ ಹೇಳಿದರೆ ಅವನ ಮೈ ಕೇಳಲೇಬೇಕು, ಮನಸ್ಸು ಒಪ್ಪದಿದ್ದರೂ. ಊರಿನಲ್ಲಿ ತಿರುಗಿ, ಚಂದದ ಮಾತಾಡಿ, ಜನರನ್ನು ಮರುಳು ಮಾಡಿ ಧಣಿಗೆ ತಂದೊಪ್ಪಿಸುವುದೇ ಅವನ ಕೆಲಸವಾಗಿತ್ತು. ಹಾಗಾಗಿ ನಮ್ಮ ಕ್ಯಾಂಪಿಗೆ ಬಂದವನು ಮೊದಲು ಮಾಡುವುದು ಅದನ್ನೇ. ತಂಡದಲ್ಲಿ ಬಲ ಇರುವುದು ಯಾರ ಹತ್ತಿರ ಅಂತ ನೋಡಿ ಅವರ ಹಾಸಿಗೆಗೆ ಬರುತ್ತಾನೆ. ಆಡುವವರು ತಾವೇ ಗೆದ್ದೆವು ಅಂದುಕೊಳ್ಳುತ್ತಾರೆ.

ಅರಾಜ್ ಮುಂದೆ ಆ ಸಂಜೆ ನಾನು ಕೊನೆಗೆ 'ಅದು ನಿನ್ನಿಷ್ಟ' ಅನ್ನೋ ಸಾಲು ಒತ್ತಿದೆ. ದೊಡ್ಡ ಮನಸ್ಸು ಮಾಡಿ ಅಲ್ಲ, ಪಕ್ಕದಲ್ಲಿ ಹೆಂಡತಿ ನೋಡುತ್ತಿದ್ದಳು. ಅವನು ಅವಳಿಗೆ ಬೇಡ ಅಂದ. ಔಷಧಿ ಹೋಯಿತು, 2 ಅಂಕ ಹೋಯಿತು. ಆಮೇಲೆ ಕ್ಯಾಂಪಿನಲ್ಲಿ ಅವನಾಗಿಯೇ ಬಂದು ಮಾತಾಡಿದ. 200 ವರ್ಷದಲ್ಲಿ ತನಗೆ ಬೇಕೋ ಬೇಡವೋ ಅಂತ ಯಾರೂ ಕೇಳಿರಲಿಲ್ಲವಂತೆ. ನಿನ್ನನ್ನು ಒಲಿಸಿಕೊಂಡರೆ ನೀನು ನನ್ನನ್ನು ಕೈಬಿಡುವುದಿಲ್ಲ ಅಂತ ಲೆಕ್ಕ ಹಾಕಿಯೇ ಹತ್ತಿರ ಬಂದೆ ಅಂತಲೂ ಒಪ್ಪಿಕೊಂಡ. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಇಂಗ್ಲಿಷ್ ಮಾತು, ಆದರೂ ಅವಳಿಗೆ ಅನುವಾದ ಬೇಕಿರಲಿಲ್ಲ.

ಅಲ್ಲಿಗೆ ಮುಗಿಯುವುದಿಲ್ಲ, ಆಟ ಇನ್ನೂ ಮುಂದಿದೆ. ಹಳೇ ಧಣಿಯನ್ನು ಮುಗಿಸುವ ಹೊತ್ತಿಗೆ ಅವನ ಮುಂದೆ ಒಂದು ದಾರಿ ತೆರೆಯುತ್ತದೆ: 7000 ಜೀವ ಬಲಿ ಕೊಟ್ಟರೆ ತಾನೇ ದೊಡ್ಡ ಧಣಿ. ಆ ದಾರಿಗೆ ಕಳಿಸಿದರೆ ಪ್ರೀತಿ ಉಳಿಯುತ್ತದೆ, ಆದರೆ ಈಗ ನಿಮ್ಮನ್ನೇ ತನ್ನ ಕೈಕೆಳಗಿನ ಪಿಶಾಚಿ ಮಾಡಿಕೊಳ್ಳಲು ನೋಡುತ್ತಾನೆ. ಗಲ್ಲಾದಲ್ಲಿ ಕೂತವರು ಬದಲಾದರು, ಗಲ್ಲಾ ಅಲ್ಲೇ ಇದೆ. ಈ ದಾರಿಯನ್ನೇ ಇಷ್ಟಪಡುವವರು ತುಂಬಾ ಜನ ಇದ್ದಾರೆ, ನನಗೆ ತಕರಾರಿಲ್ಲ. ಗೇಮಿನಲ್ಲಿ ಕೈಕೆಳಗೆ ಇರುವುದರ ರುಚಿ ನೋಡುವುದಕ್ಕೂ ಒಂದು ಜಾಗ ಬೇಕು, ಅಲ್ಲಿಯಾದರೆ ಯಾವಾಗ ಬೇಕಾದರೂ ಆಟ ಮುಚ್ಚಿ ಎದ್ದು ಹೋಗಬಹುದು.

ಹೋದ ತಿಂಗಳಿಂದ ಅವಳೇ ಆಡಲು ಶುರು ಮಾಡಿದ್ದಾಳೆ. ಭಾನುವಾರ ಮಧ್ಯಾಹ್ನ, ಎರಡು ಗಂಟೆ, ಯಾರನ್ನೂ ಪ್ರೀತಿಸುವುದಿಲ್ಲವಂತೆ, ಎಲ್ಲರ ಹತ್ತಿರವೂ ಊಟ ಆಯ್ತಾ ಅನ್ನೋ ಧಾಟಿಯಲ್ಲಿ ಮಾತಾಡುತ್ತಾಳೆ. ಲೇಜೆಲ್ ಅನ್ನೋ ಸಿಡುಕಿಯ ಮೇಲೆ ಮಾತ್ರ ಅಕ್ಕರೆ, "ಹುಡಗಿ ಸೀದಾ ಮಾತಾಡತಾಳ" ಅಂತ. ಮೊನ್ನೆ ನಾನು ಪಕ್ಕದಲ್ಲಿ ಕೂತು, ಆ ಸಾಲು ಬೇಡ, ಈ ಸಾಲು ಒತ್ತು, ಅಪ್ರೂವಲ್, ಅದೇ ಮೆಚ್ಚುಗೆ, ಸಿಗುತ್ತದೆ ಅಂತ ಹೇಳಿಕೊಡುತ್ತಿದ್ದೆ. ಅವಳು ತಿರುಗದೆಯೇ ಅಂದಳು, "ಸರ್, ನೀವು ಕ್ಯಾಂಪಿನ್ಯಾಗ ಬೆಂಕಿ ಕಾಸಕೋತ ಕೂಡ್ರಿ. ಕರದಾಗ ಬರ್ರಿ."

ನಾನು ಜೋರಾಗಿ ನಕ್ಕೆ. ಆಗ ತಿರುಗಿದಳು. ನನ್ನ ಮುಖ ಒಂದು ಗಳಿಗೆ ನೋಡಿದಳು.

"ಖರೇನ ನಕ್ರ್ಯೋ, ಏನು ಮೌಸ್ ನನ್ನ ಕೈಯಾಗ ಅದ ಅಂತ ನಕ್ರ್ಯೋ?"